ಅಡ್ಡಗೆರೆಯ ಮೇಲೆ ಏನಿದೆ?

ರಸಾಯನಶಾಸ್ತ್ರ ಓದಿದ ಎಲ್ಲರಿಗೂ ಆ ಚಿತ್ರ ಗೊತ್ತು. ಎಡಗಡೆ ಒಂದು ತಗ್ಗು, ನಡುವೆ ಒಂದು ಗುಡ್ಡ, ಬಲಗಡೆ ಇನ್ನೊಂದು ತಗ್ಗು. ಎಡ ತಗ್ಗಿನಲ್ಲಿ ಕ್ರಿಯೆಗೆ ಇಳಿಯುವ ಅಣುಗಳು, ಬಲ ತಗ್ಗಿನಲ್ಲಿ ಹೊಸದಾಗಿ ಹುಟ್ಟಿದ ಅಣುಗಳು, ಗುಡ್ಡದ ಎತ್ತರವೇ ಕ್ರಿಯಾಶೀಲತಾ ಶಕ್ತಿ. ನಿಂತ ಗೆರೆಯ ಪಕ್ಕದಲ್ಲಿ ‘ಶಕ್ತಿ’ ಎಂದು ಬರೆದು ಕಿಲೋಜೂಲ್ ಎಂಬ ಏಕಮಾನವನ್ನೂ ಹಾಕಿರುತ್ತಾರೆ. ಅಡ್ಡಗೆರೆಯ ಕೆಳಗೆ ಮಾತ್ರ ‘ಕ್ರಿಯೆಯ ಮುನ್ನಡೆ’ ಎಂದೋ ‘ಕ್ರಿಯಾ ನಿರ್ದೇಶಾಂಕ’ ಎಂದೋ ಬರೆದು, ಒಂದು ಬಾಣ ಎಳೆದು ಕೈತೊಳೆದುಕೊಳ್ಳುತ್ತಾರೆ. ಅಲ್ಲಿ ಏಕಮಾನ ಇರುವುದಿಲ್ಲ. ಅದು ಕಾಲವೇ, ದೂರವೇ, ಶೇಕಡಾವಾರು ಲೆಕ್ಕವೇ? ಒಂದೇ ಅಣುವಿನ ಕಥೆಯೇ, ಪಾತ್ರೆಯಲ್ಲಿರುವ ಎಲ್ಲ ಅಣುಗಳ ಕಥೆಯೇ?

ಪದವಿ ತರಗತಿಯಲ್ಲಿ ಒಮ್ಮೆ ಕೈ ಎತ್ತಿ ಇದನ್ನು ಕೇಳಿದ್ದೆ. ಅಧ್ಯಾಪಕರು ತಾವೇ ಎಳೆದ ಬಾಣವನ್ನು ಸ್ವಲ್ಪ ಹೊತ್ತು ನೋಡಿ, “ಕ್ರಿಯೆ ಎಷ್ಟು ದೂರ ಸಾಗಿದೆ ಎಂಬುದನ್ನು ಅದು ತೋರಿಸುತ್ತದೆ” ಎಂದರು. “ದೂರ ಎಂದರೆ ಯಾವುದರಲ್ಲಿ ಸರ್?” ಎಂದೆ. “ಅದನ್ನು ಪರೀಕ್ಷೆಯಲ್ಲಿ ಕೇಳುವುದಿಲ್ಲ” ಎಂದರು. ತರಗತಿ ನಕ್ಕಿತು, ನಾನೂ ನಕ್ಕೆ. ಅವರು ಹೇಳಿದ್ದು ನಿಜವೇ ಆಗಿತ್ತು, ಪರೀಕ್ಷೆಯಲ್ಲಿ ಯಾರೂ ಕೇಳಲಿಲ್ಲ. ಆ ಗುಡ್ಡವನ್ನು ಅಷ್ಟೂ ವರ್ಷ ನೀಟಾಗಿ ಬರೆದು ಅಂಕ ತೆಗೆದುಕೊಂಡೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ನನ್ನದು ಅಕ್ಷರಶಃ ಹಾಗೆಯೇ ಇತ್ತು. ಬಹಳ ವರ್ಷಗಳ ನಂತರ, ಯಾರ ಒತ್ತಾಯವೂ ಇಲ್ಲದೆ, ಸೈದ್ಧಾಂತಿಕ ರಾಸಾಯನಿಕ ಚಲನಶಾಸ್ತ್ರದ ಒಂದು ದಪ್ಪ ಪುಸ್ತಕವನ್ನು ಕೈಗೆತ್ತಿಕೊಂಡದ್ದು ಆ ಅಡ್ಡಗೆರೆಯ ಸಲುವಾಗಿ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆಂದು ಬರೆದ ಪುಸ್ತಕ. ಅದರೊಂದಿಗೆ ಕಳೆದ ಒಂದೂವರೆ ವರ್ಷದ ಬಗ್ಗೆ ಬರೆಯಬೇಕೆಂದು ಹಲವು ಸಲ ಕೂತು ಎದ್ದಿದ್ದೇನೆ.

ಓದುವುದು ಮತ್ತು ಓದಿದೆ ಎಂದುಕೊಳ್ಳುವುದು

ಮೊದಲ ಎರಡು ತಿಂಗಳು ಪುಸ್ತಕವನ್ನು ಕಾದಂಬರಿಯಂತೆ ಓದಿದೆ. ಪುಟ ತಿರುಗುತ್ತಿತ್ತು, ವಾಕ್ಯಗಳು ಅರ್ಥವಾಗುತ್ತಿದ್ದವು, ಸಮೀಕರಣ ಬಂದಾಗ ಕಣ್ಣು ಅದರ ಮೇಲೆ ಗೌರವದಿಂದ ಒಮ್ಮೆ ಹಾದು ಮುಂದಿನ ವಾಕ್ಯಕ್ಕೆ ಇಳಿಯುತ್ತಿತ್ತು. ಪರಮಾಣುಗಳ ನ್ಯೂಕ್ಲಿಯಸ್ಸುಗಳು ಭಾರ, ಎಲೆಕ್ಟ್ರಾನುಗಳು ಹಗುರ. ಎಲ್ಲಕ್ಕಿಂತ ಹಗುರವಾದ ನ್ಯೂಕ್ಲಿಯಸ್ ಎಂದರೆ ಒಂಟಿ ಪ್ರೋಟಾನ್, ಅದೇ ಎಲೆಕ್ಟ್ರಾನಿಗಿಂತ ಸುಮಾರು 1836 ಪಟ್ಟು ಭಾರ. ಹಾಗಾಗಿ ನ್ಯೂಕ್ಲಿಯಸ್ಸುಗಳನ್ನು ಒಂದು ಕಡೆ ನಿಲ್ಲಿಸಿದಂತೆ ಭಾವಿಸಿ ಎಲೆಕ್ಟ್ರಾನುಗಳ ಶಕ್ತಿಯನ್ನು ಲೆಕ್ಕ ಹಾಕಬಹುದು, ನ್ಯೂಕ್ಲಿಯಸ್ಸುಗಳನ್ನು ಕೊಂಚ ಸರಿಸಿ ಮತ್ತೆ ಲೆಕ್ಕ ಹಾಕಬಹುದು. ಹೀಗೆ ಪ್ರತಿಯೊಂದು ಜೋಡಣೆಗೂ ಒಂದೊಂದು ಶಕ್ತಿಯ ಬೆಲೆ ಸಿಕ್ಕಿ ಒಂದು ಮೇಲ್ಮೈ ಹುಟ್ಟುತ್ತದೆ. ಬಾರ್ನ್ ಮತ್ತು ಓಪನ್‌ಹೈಮರ್ 1927ರಲ್ಲಿ ತೋರಿಸಿದ ದಾರಿ ಇದು. ಆ ಮೇಲ್ಮೈಯ ಏರುತಗ್ಗುಗಳ ಮೇಲೆ ನ್ಯೂಕ್ಲಿಯಸ್ಸುಗಳು ಸಾಗುತ್ತವೆ, ಅದೇ ಕ್ರಿಯೆ. ಇಷ್ಟನ್ನು ಯಾರಿಗಾದರೂ ವಿವರಿಸಬಲ್ಲೆ ಎಂಬ ಹಮ್ಮು ಎರಡೇ ತಿಂಗಳಲ್ಲಿ ಬಂದುಬಿಟ್ಟಿತ್ತು.

ಈ ಕ್ಷೇತ್ರದಲ್ಲೇ ಸಂಶೋಧನೆ ಮಾಡಿದ ಹಿರಿಯ ಗೆಳೆಯರೊಬ್ಬರಿಗೆ ಫೋನಿನಲ್ಲಿ ವಿವರಿಸಿಯೂ ಬಿಟ್ಟೆ. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿಸಿಕೊಂಡು, “ಪೆನ್ಸಿಲ್ ಎಷ್ಟು ಸವೆದಿದೆ?” ಎಂದರು. ಪೆನ್ಸಿಲ್ ಹಿಡಿದೇ ಇಲ್ಲ ಎಂದು ಹೇಳಲು ನಾಚಿಕೆಯಾಯಿತು. “ಹಾಗಾದರೆ ನೀನು ಮುನ್ನುಡಿ ಓದಿದ್ದೀಯ. ಪುಸ್ತಕ ಇನ್ನೂ ಶುರುವಾಗಿಲ್ಲ” ಎಂದರು.

ಪೆನ್ಸಿಲ್ ಹಿಡಿದ ಮೇಲೆ ಗೊತ್ತಾದದ್ದು, ಇಂಥ ಪುಸ್ತಕದ ಭಾಷೆಯೇ ಬೇರೆ ಎಂಬುದು. ‘ಸುಲಭವಾಗಿ ತೋರಿಸಬಹುದು’ ಎಂದರೆ ಮೂರು ರಾತ್ರಿ. ‘ಸ್ವಲ್ಪ ಬೀಜಗಣಿತದ ನಂತರ’ ಎಂದರೆ ಒಂದು ವಾರ, ಅದರಲ್ಲಿ ನಾಲ್ಕು ದಿನ ಋಣ ಚಿಹ್ನೆಯೊಂದನ್ನು ಹುಡುಕುವುದಕ್ಕೆ. ‘ಸ್ಪಷ್ಟವಾಗಿಯೇ’ ಎಂಬ ಪದ ಕಂಡರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಬರೆದವರ ಮೇಲೆ ಸಿಟ್ಟು ಬಂದದ್ದೂ ಉಂಟು. ಓದುಗನಿಗೆ ಅಭಿಜಾತ ಯಂತ್ರಶಾಸ್ತ್ರ, ಕ್ವಾಂಟಂ, ಸಾಂಖ್ಯಿಕ ಭೌತಶಾಸ್ತ್ರ ಮೂರೂ ಅಂಗೈ ನೆಲ್ಲಿಕಾಯಿ ಎಂದು ಅವರು ನಂಬಿದ್ದಾರೆ. ನನಗೆ ಮೂರರಲ್ಲೂ ಅರ್ಧರ್ಧ ನೆಲ್ಲಿಕಾಯಿ ಇತ್ತು.

ಮೇಲ್ಮೈ ಎಂಬ ಆ ಸಲೀಸಾದ ಮಾತನ್ನೇ ತೆಗೆದುಕೊಳ್ಳಿ. ಮೂರು ಪರಮಾಣುಗಳ ಜೋಡಣೆಯನ್ನು ಹೇಳಲು ಮೂರು ಅಳತೆ ಸಾಕು. ಆರು ಪರಮಾಣುಗಳಾದರೆ ಹನ್ನೆರಡು ಬೇಕು. ಒಂದೊಂದು ಅಳತೆಗೆ ಹತ್ತೇ ಬಿಂದು ಎಂದುಕೊಂಡರೂ ಮೊದಲನೆಯದಕ್ಕೆ ಸಾವಿರ ಲೆಕ್ಕ, ಎರಡನೆಯದಕ್ಕೆ ಲಕ್ಷ ಕೋಟಿ ಲೆಕ್ಕ. ಹನ್ನೆರಡು ಆಯಾಮದ ಆ ಮಹಾಪ್ರದೇಶವನ್ನು ಹಿಂಡಿ ಒಂದೇ ಗೆರೆ ಮಾಡಿ ಕಪ್ಪುಹಲಗೆಯ ಮೇಲೆ ಎಳೆದಿದ್ದರು. ಅದಕ್ಕೆ ಏಕಮಾನ ಏನು ಎಂದು ನಾನು ಕೇಳಿದ್ದೆ.

ಗ್ರಾಫ್ ಹಾಳೆ ಓರೆಯಾದ ರಾತ್ರಿ

ಈ ವಿದ್ಯೆಯಲ್ಲಿ ಎಲ್ಲರೂ ಮೊದಲು ಕಲಿಯುವ ಕ್ರಿಯೆ ಒಂದಿದೆ. ಒಂದು ಹೈಡ್ರೋಜನ್ ಪರಮಾಣು ಬಂದು ಹೈಡ್ರೋಜನ್ ಅಣುವಿಗೆ ಡಿಕ್ಕಿ ಹೊಡೆಯುತ್ತದೆ, ಜೋಡಿಯಲ್ಲಿ ಒಂದನ್ನು ತನ್ನದಾಗಿಸಿಕೊಳ್ಳುತ್ತದೆ, ಇನ್ನೊಂದು ಒಂಟಿಯಾಗಿ ಹೊರಟುಹೋಗುತ್ತದೆ. ಮೊದಲೂ ಹೈಡ್ರೋಜನ್, ಕೊನೆಗೂ ಹೈಡ್ರೋಜನ್. ಬೆಟ್ಟ ಅಗೆದು ಇಲಿಯನ್ನೂ ಹಿಡಿಯಲಿಲ್ಲ ಎನ್ನಬೇಕು. ಆದರೂ ಇದರಲ್ಲೊಂದು ಸೊಗಸಿದೆ. ಹೈಡ್ರೋಜನ್ ಅಣುವಿನ ಬಂಧವನ್ನು ಪೂರ್ತಿ ಮುರಿಯಲು ಸುಮಾರು 4.5 ಎಲೆಕ್ಟ್ರಾನ್ ವೋಲ್ಟ್ (ಅಣುಗಳ ಮಟ್ಟದಲ್ಲಿ ಬಳಸುವ ಶಕ್ತಿಯ ಏಕಮಾನ) ಬೇಕು. ಈ ವಿನಿಮಯದ ಗುಡ್ಡದ ಎತ್ತರವಾದರೋ 0.42 ಎಲೆಕ್ಟ್ರಾನ್ ವೋಲ್ಟಿನಷ್ಟು, ಅಂದರೆ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಹಳೆಯ ಬಂಧ ಸಡಿಲವಾಗುತ್ತಿದ್ದಂತೆಯೇ ಹೊಸದು ಬಿಗಿಯಾಗುತ್ತದೆ. ಒಂದು ಕೈ ಬಿಡುವ ಮೊದಲೇ ಇನ್ನೊಂದು ಕೈ ಹಿಡಿದಿರುತ್ತದೆ. ಮೂರು ಪರಮಾಣುಗಳೂ ಒಂದೇ ಸಾಲಿನಲ್ಲಿವೆ ಎಂದುಕೊಂಡರೆ ಎರಡೇ ಅಳತೆ ಸಾಕು, ಎಡ ಬಂಧದ ಉದ್ದ ಮತ್ತು ಬಲ ಬಂಧದ ಉದ್ದ. ಐರಿಂಗ್ ಮತ್ತು ಮೈಕೆಲ್ ಪೊಲಾನಿ 1931ರಲ್ಲಿ ಹಾಗೆಯೇ ಇದರ ನಕ್ಷೆ ಬರೆದರು.

ನಾನೂ ಗ್ರಾಫ್ ಹಾಳೆಯ ಮೇಲೆ ಬರೆದೆ. ಸಮಾನ ಶಕ್ತಿಯ ಬಿಂದುಗಳನ್ನು ಸೇರಿಸುತ್ತಾ ಹೋದರೆ ಎರಡು ಕಣಿವೆಗಳು ಒಂದಕ್ಕೊಂದು ಲಂಬವಾಗಿ ಮೂಡುತ್ತವೆ, ಅವು ಕೂಡುವ ಮೂಲೆಯಲ್ಲಿ ಒಂದು ದಿಬ್ಬ. ಕಣಿವೆಯ ಉದ್ದಕ್ಕೂ ಬರುವವನಿಗೆ ಅದು ಏರು, ಅಡ್ಡ ನೋಡಿದರೆ ಎರಡು ಪಕ್ಕದಲ್ಲೂ ಇನ್ನೂ ಎತ್ತರದ ಗೋಡೆಗಳು. ಪುಸ್ತಕ ಇದನ್ನು ಕುದುರೆಯ ಜೀನಿಗೆ ಹೋಲಿಸುತ್ತದೆ. ಕುದುರೆ ಹತ್ತದ ನನಗೆ ಘಾಟಿ ಎಂದಾಗಲೇ ಅರ್ಥವಾದದ್ದು, ಎರಡು ಬೆಟ್ಟಗಳ ನಡುವೆ ದಾಟಲು ಸಿಗುವ ಅತಿ ತಗ್ಗಿನ ಜಾಗ. ಇನ್ನೇನು, ಇದರ ಮೇಲೆ ಒಂದು ಗೋಲಿ ಬಿಟ್ಟರೆ ಕ್ರಿಯೆ ಕಣ್ಣಿಗೆ ಕಟ್ಟುತ್ತದೆ ಎಂದುಕೊಂಡೆ. ಮನಸ್ಸಿನಲ್ಲೇ ಗೋಲಿ ಬಿಟ್ಟು ಖುಷಿಪಟ್ಟೆ.

ಪುಟ ತಿರುಗಿಸಿದರೆ ಅಲ್ಲೊಂದು ಸಾಲು: ಹಾಗೆ ಬಿಟ್ಟ ಗೋಲಿ ತಪ್ಪು ದಾರಿಯಲ್ಲಿ ಹೋಗುತ್ತದೆ. ಯಾಕೆಂದು ಒಂದು ಗಂಟೆ ತಲೆಕೆಡಿಸಿಕೊಂಡೆ. ಕೊನೆಗೆ ಚಲನ ಶಕ್ತಿಯನ್ನು ನಾನೇ ಬರೆದು ನೋಡಿದೆ. ಮೂರು ಪರಮಾಣುಗಳ ಚಲನ ಶಕ್ತಿಯನ್ನು ಎರಡು ಬಂಧಗಳ ಉದ್ದ ಬದಲಾಗುವ ವೇಗಗಳಲ್ಲಿ ಬರೆದರೆ ಎರಡು ವರ್ಗಪದಗಳ ಜೊತೆಗೆ, ಎರಡೂ ವೇಗಗಳನ್ನು ಗುಣಿಸಿದ ಮೂರನೆಯ ಪದವೊಂದು ಅಂಟಿಕೊಂಡೇ ಬರುತ್ತದೆ. ಕಾರಣ ಸರಳ: ನಡುವಿನ ಪರಮಾಣು ಎರಡೂ ಬಂಧಗಳಲ್ಲಿ ಪಾಲುದಾರ. ಅದು ಅಲುಗಾಡಿದರೆ ಎರಡೂ ಅಳತೆಗಳು ಒಟ್ಟಿಗೆ ಬದಲಾಗುತ್ತವೆ. ಗೋಲಿಗೆ ಈ ಮೂರನೆಯ ಪದ ಗೊತ್ತಿಲ್ಲ. ಅದನ್ನು ತೊಲಗಿಸಲು ಒಂದೇ ಉಪಾಯ, ಗ್ರಾಫಿನ ಎರಡು ಅಕ್ಷಗಳನ್ನು ಲಂಬದಿಂದ ಬಗ್ಗಿಸಿ ಓರೆ ಮಾಡುವುದು, ಜೊತೆಗೆ ಒಂದರ ಅಳತೆಯನ್ನು ಹಿಗ್ಗಿಸುವುದು. ಎಷ್ಟು ಓರೆ ಎಂಬುದನ್ನು ಮೂರು ದ್ರವ್ಯರಾಶಿಗಳು ತೀರ್ಮಾನಿಸುತ್ತವೆ. ಮೂರೂ ಹೈಡ್ರೋಜನ್ ಆದರೆ ಕೋನ ಸರಿಯಾಗಿ 60 ಡಿಗ್ರಿ. ಎರಡು ತುದಿಗಳಲ್ಲಿ ಕ್ಲೋರಿನ್, ನಡುವೆ ಹೈಡ್ರೋಜನ್ ಇದ್ದರೆ ಬರೀ 14 ಡಿಗ್ರಿಯ ಆಸುಪಾಸು. ತುದಿಗಳಲ್ಲಿ ಹೈಡ್ರೋಜನ್, ನಡುವೆ ಅಯೋಡಿನ್ ಇದ್ದರೆ ಕೋನ 90ಕ್ಕೆ ಕೂದಲೆಳೆಯಷ್ಟು ಕಡಿಮೆ, ಅಂದರೆ ಅಲ್ಲಿ ನನ್ನ ಮೊದಲ ಗ್ರಾಫೇ ಹೆಚ್ಚುಕಡಿಮೆ ಸರಿ. (ಗೋಲಿ ಎಂದು ಎಲ್ಲ ಕಡೆ ಬರೆದಿದ್ದೇನೆ, ಆದರೆ ಅದು ಉರುಳಬಾರದು, ಘರ್ಷಣೆಯೇ ಇಲ್ಲದೆ ಜಾರಬೇಕು. ಉರುಳಿದರೆ ತಿರುಗಾಟಕ್ಕೂ ಒಂದಿಷ್ಟು ಶಕ್ತಿ ಹೋಗುತ್ತದೆ. ಉರುಳುವ ಗೋಲಿಯನ್ನು ನಂಬಿ ಒಂದು ಸಂಜೆ ಕಳೆದುಕೊಂಡವರ ಮಾತಿದು.)

ಆ ರಾತ್ರಿ ಗ್ರಾಫ್ ಹಾಳೆಯನ್ನು ಪಕ್ಕಕ್ಕಿಟ್ಟು ಬಿಳಿ ಹಾಳೆಯ ಮೇಲೆ ಕೋನಮಾಪಕ ಇಟ್ಟು 14 ಡಿಗ್ರಿಯ ಓರೆ ಅಕ್ಷಗಳನ್ನು ಎಳೆದೆ. ಎರಡು ಕಣಿವೆಗಳು ಚಿಮಟಿಗೆಯ ಎರಡು ಕಾಲುಗಳಂತೆ ಹತ್ತಿರ ಹತ್ತಿರ ಮಲಗಿದವು, ನಡುವೆ ತೆಳ್ಳನೆಯ ಒಂದು ಏಣು. ಇದರಲ್ಲಿ ಜಾರಿ ಬರುವ ಗೋಲಿ ಮೂಲೆಯವರೆಗೆ ಹೋಗಿ ತಿರುಗುವ ಗೋಜಿಗೆ ಹೋಗದೆ ಏಣನ್ನು ಅಡ್ಡಹಾಯ್ದು ಆಚೆ ಗೋಡೆಗೆ ಬಡಿದು, ಮತ್ತೆ ಈಚೆ ಗೋಡೆಗೆ ಬಡಿದು ಓಲಾಡುತ್ತದೆ. ಅದನ್ನು ಪರಮಾಣುಗಳ ಮಾತಿಗೆ ತಿರುಗಿಸಿ ನೋಡಿದರೆ, ಎರಡು ಭಾರವಾದ ಕ್ಲೋರಿನ್‌ಗಳು ನಿಧಾನಕ್ಕೆ ಹತ್ತಿರವಾಗಿ ದೂರವಾಗುವಷ್ಟರಲ್ಲಿ ಹಗುರ ಹೈಡ್ರೋಜನ್ ಅತ್ತಿಂದಿತ್ತ ಇತ್ತಿಂದತ್ತ ಜಿಗಿದಾಡುತ್ತಿದೆ. ಕಾಗದದ ಮೇಲಿನ ಕೋನವೊಂದು ಹಗುರ ಭಾರಗಳ ನಡುವಿನ ನಡವಳಿಕೆಯನ್ನು ಹೇಳುತ್ತಿತ್ತು. ಎದ್ದು ಯಾರಿಗಾದರೂ ತೋರಿಸೋಣ ಎನಿಸಿತು. ಮನೆಯಲ್ಲಿ ಎಲ್ಲರೂ ಮಲಗಿದ್ದರು.

ಅಡ್ಡಗೆರೆಗೆ ಉತ್ತರ ಸಿಕ್ಕಿದ್ದೂ ಇಲ್ಲಿಯೇ. ಈ ಓರೆಯಾದ, ದ್ರವ್ಯರಾಶಿಯನ್ನು ಒಳಗೊಂಡ ನಕ್ಷೆಯಲ್ಲಿ ಘಾಟಿಯ ತುದಿಯಿಂದ ಎರಡೂ ಕಡೆಗೆ ಅತಿ ಕಡಿದಾದ ಇಳಿಜಾರನ್ನೇ ಹಿಡಿದು ಇಳಿದರೆ ಒಂದು ದಾರಿ ಸಿಗುತ್ತದೆ. ಫುಕುಯಿ 1970ರಲ್ಲಿ ಇದನ್ನು ಖಚಿತವಾದ ಗಣಿತದಲ್ಲಿ ಕಟ್ಟಿಕೊಟ್ಟರು. ಆ ದಾರಿಯ ಉದ್ದಕ್ಕೂ ಅಳೆದ ದೂರವೇ ಅಡ್ಡಗೆರೆ. ಏಕಮಾನ: ಉದ್ದವನ್ನು ದ್ರವ್ಯರಾಶಿಯ ವರ್ಗಮೂಲದಿಂದ ಗುಣಿಸಿದ್ದು. ಆಂಗ್‌ಸ್ಟ್ರಮ್ ಗುಣಿಸು ಪರಮಾಣು ದ್ರವ್ಯಮಾನದ ವರ್ಗಮೂಲ. ಇಷ್ಟು ವಿಚಿತ್ರವಾದ ಏಕಮಾನವನ್ನು ಪದವಿ ತರಗತಿಯಲ್ಲಿ ಹೇಳಿದ್ದರೆ ಇನ್ನೂ ಹೆಚ್ಚು ನಗು ಎದ್ದಿರುತ್ತಿತ್ತು. ಅಧ್ಯಾಪಕರು ಅಂದು ಬಾಣವನ್ನು ನೋಡುತ್ತಾ ನಿಂತದ್ದು ನೆನಪಾಗಿ, ಅವರಿಗೂ ಆ ಪ್ರಶ್ನೆ ಹಿಂದೊಮ್ಮೆ ಬಂದಿತ್ತೇನೋ ಎಂದು ಮೊದಲ ಬಾರಿಗೆ ಅನ್ನಿಸಿತು.

ದಾರಿ ಇದೆ, ಯಾರೂ ನಡೆಯುವುದಿಲ್ಲ

ಉತ್ತರ ಸಿಕ್ಕಿತಲ್ಲ, ಪುಸ್ತಕ ಮುಚ್ಚಬಹುದಿತ್ತು. ಆದರೆ ಮುಂದಿನ ಅಧ್ಯಾಯದ ಮೊದಲ ಪುಟದಲ್ಲೇ, ನಿಜವಾದ ಪರಮಾಣುಗಳು ಆ ದಾರಿಯಲ್ಲಿ ನಡೆಯುವುದಿಲ್ಲ ಎಂದು ಬರೆದಿತ್ತು. ಯೋಚಿಸಿದರೆ ಸಹಜವೇ. ಅತಿ ಕಡಿದಾದ ಇಳಿಜಾರನ್ನೇ ಹಿಡಿದು ಇಳಿಯಬೇಕಾದರೆ ಜೇನುತುಪ್ಪದಲ್ಲಿ ಮುಳುಗಿದಂತೆ, ವೇಗವನ್ನು ಕ್ಷಣಕ್ಷಣಕ್ಕೂ ಕಳೆದುಕೊಳ್ಳುತ್ತಾ ಇಳಿಯಬೇಕು. ವೇಗ ಇರುವ ವಸ್ತು ತಿರುವಿನಲ್ಲಿ ಹೊರಕ್ಕೆ ಎಸೆಯಲ್ಪಡುತ್ತದೆ, ಗೋಡೆ ಏರುತ್ತದೆ, ಒಳಮೂಲೆ ಕತ್ತರಿಸುತ್ತದೆ. ಗುಡ್ಡ ಕಣಿವೆಯ ಪ್ರವೇಶದಲ್ಲೇ ಇದ್ದರೆ ನೇರವಾಗಿ ನುಗ್ಗುವ ವೇಗ ಕೆಲಸಕ್ಕೆ ಬರುತ್ತದೆ. ತಿರುವಿನ ಆಚೆಗಿದ್ದರೆ ನುಗ್ಗಿ ಪ್ರಯೋಜನವಿಲ್ಲ, ಬರುವ ಅಣು ಅಡ್ಡಡ್ಡ ಕಂಪಿಸುತ್ತಿರಬೇಕು. ಮೈಕೆಲ್ ಪೊಲಾನಿಯವರ ಮಗ ಜಾನ್ ಪೊಲಾನಿ ಹೆಸರಿನಲ್ಲಿರುವ ನಿಯಮ ಇದು. ಅಪ್ಪ ಮೇಲ್ಮೈಯ ನಕ್ಷೆ ಬರೆದರು, ಮಗ ಅದರ ಮೇಲಿನ ಓಡಾಟ ನೋಡಿದರು. 1986ರ ನೊಬೆಲ್ ಬಹುಮಾನದಲ್ಲಿ ಒಂದು ಪಾಲು ಮಗನಿಗೆ ಬಂತು.

ನಾನೇ ಒಂದು ಪುಟ್ಟ ಪ್ರೋಗ್ರಾಂ ಬರೆದು ಗೋಲಿ ಬಿಡಲು ಶುರುಮಾಡಿದೆ. ಐರಿಂಗ್ ಮತ್ತು ಸಂಗಡಿಗರು 1936ರಲ್ಲಿ ಇದನ್ನು ಕೈಲೆಕ್ಕದಲ್ಲಿ ಮಾಡಲು ಹೊರಟು ಒಂದು ಪಥವನ್ನೂ ಕೊನೆಮುಟ್ಟಿಸಲಾಗಲಿಲ್ಲ. ಸಾಲದ್ದಕ್ಕೆ ಅವರ ನಕ್ಷೆಯಲ್ಲಿ ಘಾಟಿಯ ನೆತ್ತಿಯ ಮೇಲೆ ಒಂದು ಆಳವಿಲ್ಲದ ತಗ್ಗು ಇತ್ತು. ‘ಐರಿಂಗ್ ಕೆರೆ’ ಎಂದು ಅದಕ್ಕೆ ಹೆಸರೂ ಬಿತ್ತು. ಮುಂದೆ ನಿಖರ ಲೆಕ್ಕಗಳು ಬಂದಾಗ ಕೆರೆ ಬತ್ತಿಹೋಯಿತು, ಅದು ನಕ್ಷೆಯ ದೋಷವಾಗಿತ್ತು. ನನ್ನ ಲ್ಯಾಪ್‌ಟಾಪಿಗೆ ಒಂದು ಪಥ ಎಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಆದರೂ ಮೊದಲ ಪಥಗಳು ಹುಚ್ಚಾಪಟ್ಟೆ ಓಡಿದವು, ಶಕ್ತಿ ತಾನಾಗಿ ಏರುತ್ತಾ ಹೋಯಿತು. ಹೈಡ್ರೋಜನ್ ಅಣು ಒಮ್ಮೆ ಕಂಪಿಸಲು ತೆಗೆದುಕೊಳ್ಳುವುದು ಏಳೂವರೆ ಫೆಮ್ಟೊಸೆಕೆಂಡು (ಒಂದು ಫೆಮ್ಟೊಸೆಕೆಂಡು ಎಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲಿ ಒಂದು ಪಾಲು), ನಾನು ಎರಡು ಫೆಮ್ಟೊಸೆಕೆಂಡಿನ ಹೆಜ್ಜೆ ಇಡುತ್ತಿದ್ದೆ. ಹೆಜ್ಜೆ ಇಪ್ಪತ್ತರಲ್ಲಿ ಒಂದಕ್ಕೆ ಇಳಿಸಿದ ಮೇಲೆ ಎಲ್ಲವೂ ಹದಕ್ಕೆ ಬಂತು.

ಆಮೇಲೆ ಒಂದು ಕಿಡಿಗೇಡಿ ಕೆಲಸ ಮಾಡಿದೆ. ಮೇಲ್ಮೈಯನ್ನು ಹಾಗೆಯೇ ಬಿಟ್ಟು ಎರಡು ತುದಿಗಳ ದ್ರವ್ಯರಾಶಿಯನ್ನು ಕ್ಲೋರಿನ್ನಿನಷ್ಟು, ಅಂದರೆ 35 ಮಾಡಿದೆ. ಹಾಗಿರುವ ಅಣು ಲೋಕದಲ್ಲಿಲ್ಲ, ಅದೊಂದು ಬೊಂಬೆ. ಆದರೆ 14 ಡಿಗ್ರಿಯ ಚಿಮಟಿಗೆಯನ್ನು ಓಡಿಸಿ ನೋಡುವ ಆಸೆ. ಎರಡೂ ಬಂಧಗಳು ಸಮನಾಗುವ ಗೆರೆಯನ್ನು ಗಡಿ ಎಂದು ಗುರುತಿಸಿ, ಅದನ್ನು ದಾಟಿದ ಕೂಡಲೇ ‘ಕ್ರಿಯೆ ನಡೆಯಿತು’ ಎಂದು ಎಣಿಸುವಂತೆ ಮಾಡಿದ್ದೆ. ಒಂದು ಪಥ ಗಡಿ ದಾಟಿತು. ಎಣಿಕೆ ಒಂದಾಯಿತು. ಹಾಗೆಯೇ ಹಿಂದಕ್ಕೆ ಬಂತು. ಮತ್ತೆ ದಾಟಿತು, ಎಣಿಕೆ ಎರಡಾಯಿತು. ಮತ್ತೆ ಹಿಂದಕ್ಕೆ ಬಂದು, ಬಂದ ಕಣಿವೆಯಲ್ಲೇ ಹೊರಟುಹೋಯಿತು. ನಡುವಿನ ಪರಮಾಣು ಹಳೆಯ ಸಂಗಾತಿಯ ಜೊತೆಗೇ ಉಳಿಯಿತು. ನನ್ನ ಪ್ರೋಗ್ರಾಂ ಎರಡು ಕ್ರಿಯೆ ನಡೆದಿವೆ ಎನ್ನುತ್ತಿತ್ತು, ನಡೆದದ್ದು ಸೊನ್ನೆ.

ತಪ್ಪು ನನ್ನದೇ ಎಂದು ಮೂರು ದಿನ ಹುಡುಕಿದೆ. ಹೆಜ್ಜೆಯನ್ನು ಇನ್ನೂ ಅರ್ಧ ಮಾಡಿದೆ, ಪಥ ಬದಲಾಗಲಿಲ್ಲ. ಕೊನೆಗೆ ಪುಸ್ತಕದ ಅಭ್ಯಾಸವೊಂದರಲ್ಲಿ ಹೇಳಿದ ಪರೀಕ್ಷೆ ಮಾಡಿದೆ: ಪಥದ ಕೊನೆಯಲ್ಲಿ ಎಲ್ಲ ವೇಗಗಳ ದಿಕ್ಕನ್ನು ತಿರುಗಿಸಿ ಮತ್ತೆ ಓಡಿಸುವುದು. ಲೆಕ್ಕ ಸರಿಯಿದ್ದರೆ ಪರಮಾಣುಗಳು ಬಂದ ಹೆಜ್ಜೆಗಳನ್ನೇ ಮೆಟ್ಟುತ್ತಾ ಹೊರಟ ಜಾಗಕ್ಕೆ ವಾಪಸಾಗಬೇಕು. ವಾಪಸಾದವು. ನಾಲ್ಕೂ ಸಲ ಗಡಿ ದಾಟಿ, ಹಲವು ದಶಾಂಶ ಸ್ಥಾನಗಳವರೆಗೆ ನಿಖರವಾಗಿ, ಮೊದಲಿದ್ದಲ್ಲಿಗೇ. ಪ್ರೋಗ್ರಾಂ ಸರಿಯಿತ್ತು. ಎಣಿಸುವ ನನ್ನ ರೀತಿ ಸರಿಯಿರಲಿಲ್ಲ.

ಹೊಸ್ತಿಲಿನ ಮಗು

ನನಗೆ ಪಾಠ ಹೇಳಿದವರೆಲ್ಲ ‘ಸಂಕ್ರಮಣ ಸ್ಥಿತಿ’ ಎಂಬುದನ್ನು ಒಂದು ವಸ್ತು ಎಂಬಂತೆ ಹೇಳಿದ್ದರು. ಗುಡ್ಡದ ತುದಿಯಲ್ಲಿ ಅರೆಕ್ಷಣ ಕೂರುವ, ನೆತ್ತಿಯ ಮೇಲೆ ಎರಡು ಕತ್ತಿಯ ಗುರುತು ಹೊತ್ತ ಒಂದು ವಿಚಿತ್ರ ಅಣು. ಐರಿಂಗ್ ಒಂದು ಕಡೆ, ಇವಾನ್ಸ್ ಮತ್ತು ಮೈಕೆಲ್ ಪೊಲಾನಿ ಇನ್ನೊಂದು ಕಡೆ 1935ರಲ್ಲಿ ಮಂಡಿಸಿದ ಸಿದ್ಧಾಂತವನ್ನು ಪುಸ್ತಕ ಬಿಡಿಸಿದ ರೀತಿಯಲ್ಲಿ ಅಂಥ ವಸ್ತು ಎಲ್ಲೂ ಇಲ್ಲ. ಇರುವುದು ನಾವು ಎಳೆದ ಒಂದು ಗಡಿ, ಮತ್ತು ಆ ಗಡಿಯನ್ನು ಸೆಕೆಂಡಿಗೆ ಎಷ್ಟು ಪಥಗಳು ಮುಂದಕ್ಕೆ ದಾಟುತ್ತವೆ ಎಂಬ ಎಣಿಕೆ. ಆ ಸೂತ್ರದ ಮುಂದೆ ಬರುವ ಅಂಶವೊಂದಿದೆ, ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ಉಷ್ಣತೆಯಿಂದ ಗುಣಿಸಿ ಪ್ಲಾಂಕ್ ಸ್ಥಿರಾಂಕದಿಂದ ಭಾಗಿಸಿದ್ದು. 300 ಕೆಲ್ವಿನ್‌ನಲ್ಲಿ ಅದು ಸೆಕೆಂಡಿಗೆ ಸುಮಾರು ಆರು ಲಕ್ಷ ಕೋಟಿ. ಯಾವ ಅಣುವಾದರೂ ಅದೇ ಸಂಖ್ಯೆ ಹೇಗೆ ಎಂಬುದು ನನಗೆ ಸದಾ ಒಗಟಾಗಿತ್ತು. ಆ ವಿಚಿತ್ರ ಅಣು ಅಷ್ಟು ಸಲ ನಡುಗಿ ಒಡೆಯುತ್ತದೆ ಎಂದು ಊಹಿಸಿಕೊಂಡಿದ್ದೆ. ಎರಡೇ ಸಾಲಿನ ಸಮಾಕಲನ ಮಾಡಿ ನೋಡಿದರೆ, ಗಡಿ ದಾಟುವ ವೇಗಗಳ ಸರಾಸರಿ ತೆಗೆಯುವಾಗ ದ್ರವ್ಯರಾಶಿ ಮೇಲೂ ಕೆಳಗೂ ಬಂದು ಅಳಿಸಿಹೋಗುತ್ತದೆ. ಉಳಿದದ್ದು ಅಷ್ಟೇ. ನಡುಗುವವರು ಯಾರೂ ಇಲ್ಲ.

ಗಡಿ ದಾಟಿದ ಪಥ ಹಿಂದಿರುಗುವುದಿಲ್ಲ ಎಂಬುದು ಈ ಸಿದ್ಧಾಂತದ ಮೂಲ ನಂಬಿಕೆ. ಹೊಸ್ತಿಲಲ್ಲಿ ಕೂತು ಒಳಬರುವವರನ್ನು ಎಣಿಸುವವನ ಪಾಡು ಅದು. ಒಂದು ಮಗು ಹೊಸ್ತಿಲ ಮೇಲೆ ಒಳಗೂ ಹೊರಗೂ ಕುಣಿಯುತ್ತಿದ್ದರೆ ಅವನ ಲೆಕ್ಕದಲ್ಲಿ ಮನೆ ತುಂಬ ಜನ. ಹಾಗಾಗಿ ಅಭಿಜಾತ ಯಂತ್ರಶಾಸ್ತ್ರದ ಮಟ್ಟಿಗೆ ಈ ಎಣಿಕೆ ನಿಜವಾದ ವೇಗಕ್ಕಿಂತ ಹೆಚ್ಚಾದೀತೇ ಹೊರತು ಕಡಿಮೆಯಾಗದು. ವಿಗ್ನರ್ 1930ರ ದಶಕದಲ್ಲೇ ಇದನ್ನು ಕಂಡರು. ಎಣಿಕೆ ಎಲ್ಲಿ ಅತಿ ಕಡಿಮೆ ಬರುತ್ತದೋ ಅಲ್ಲಿಗೆ ಗಡಿಯನ್ನು ಸರಿಸಿಕೊಳ್ಳಿ ಎಂಬ ಉಪಾಯ ಇಲ್ಲಿಂದಲೇ ಹುಟ್ಟಿತು. ಅಂದರೆ ಗಡಿ ಘಾಟಿಯ ತುದಿಯಲ್ಲೇ ಇರಬೇಕೆಂಬ ಕಟ್ಟುಪಾಡೂ ಇಲ್ಲ. ಪ್ರತಿಯೊಂದು ಪಥವನ್ನೂ ಕೊನೆಯವರೆಗೆ ಹಿಂಬಾಲಿಸಿ ಎಣಿಸುವವನಿಗೆ ಗಡಿ ಎಲ್ಲಿದ್ದರೂ ಒಂದೇ ಉತ್ತರ. ಹಿಂಬಾಲಿಸಲು ಆಗದವನು ಮಾತ್ರ ಗಡಿಯನ್ನು ಎಲ್ಲಿ ಎಳೆಯಲಿ ಎಂದು ಚಿಂತಿಸಬೇಕು. ಇದನ್ನು ಓದಿದ ದಿನ ಗೆಳೆಯರಿಗೆ ಫೋನ್ ಮಾಡಿ, ನಾನು ಇಷ್ಟು ವರ್ಷ ಸಂಕ್ರಮಣ ಸ್ಥಿತಿಯ ಚಿತ್ರ ಬರೆಯುತ್ತಿದ್ದುದು ಇಲ್ಲದ ವಸ್ತುವಿನ ಚಿತ್ರವಾಗಿತ್ತು ಎಂದೆ. “ಇಲ್ಲದ್ದು ಎನ್ನಬೇಡ. ಅದು ಗೆರೆ. ಗೆರೆ ಎಳೆದವರು ನಾವು ಎಂದು ನೆನಪಿದ್ದರೆ ಸಾಕು” ಎಂದರು. ನಂತರ, “ಫಾರ್ಮಾಲ್ಡಿಹೈಡ್ ಅಧ್ಯಾಯಕ್ಕೆ ಬಂದೆಯಾ?” ಎಂದು ಕೇಳಿದರು. ಆ ಧ್ವನಿಯಲ್ಲಿ ಏನೋ ಕೀಟಲೆ ಇತ್ತು.

ಬಂದಿರಲಿಲ್ಲ. ಬಂದಾಗ ಕೀಟಲೆ ಅರ್ಥವಾಯಿತು. ಫಾರ್ಮಾಲ್ಡಿಹೈಡ್ ಅಣುವಿಗೆ ಶಕ್ತಿ ತುಂಬಿದರೆ ಅದು ಹೈಡ್ರೋಜನ್ ಅಣುವಾಗಿಯೂ ಕಾರ್ಬನ್ ಮಾನಾಕ್ಸೈಡ್ ಆಗಿಯೂ ಒಡೆಯುತ್ತದೆ. ಅದಕ್ಕೊಂದು ಘಾಟಿ ಇದೆ, ಅದರ ಮೂಲಕ ಹೋಗುವ ಒಳ್ಳೆಯ ದಾರಿಯೂ ಇದೆ. 2004ರಲ್ಲಿ ಪ್ರಯೋಗ ಮತ್ತು ಪಥಗಳ ಲೆಕ್ಕ ಎರಡೂ ಸೇರಿ ತೋರಿಸಿದ್ದೇನೆಂದರೆ, ಕೆಲವು ಅಣುಗಳು ಆ ಘಾಟಿಯ ಹತ್ತಿರವೂ ಸುಳಿಯುವುದಿಲ್ಲ. ಒಂದು ಹೈಡ್ರೋಜನ್ ಬಹುಪಾಲು ಕಳಚಿಕೊಂಡು ದೂರ ಹೋಗುತ್ತದೆ, ಪೂರ್ತಿ ತಪ್ಪಿಸಿಕೊಳ್ಳುವಷ್ಟು ಶಕ್ತಿ ಸಾಲದೆ ಉಳಿದ ತುಣುಕಿನ ಸುತ್ತ ಅಲೆದಾಡುತ್ತದೆ, ಅಲೆಯುತ್ತಾ ಅಲೆಯುತ್ತಾ ಇನ್ನೊಂದು ಹೈಡ್ರೋಜನ್ನಿನ ಹತ್ತಿರ ಬಂದು ಅದನ್ನು ಕಿತ್ತುಕೊಂಡು ಹೊರಡುತ್ತದೆ. ತಗ್ಗು, ಗುಡ್ಡ, ತಗ್ಗು ಎಂಬ ಚಿತ್ರದಲ್ಲಿ ಈ ಅಲೆಮಾರಿಯನ್ನು ಎಲ್ಲಿ ಕೂರಿಸುವುದು? ನಾನು ಅಷ್ಟು ಕಷ್ಟಪಟ್ಟು ಏಕಮಾನ ಹುಡುಕಿದ ಅಡ್ಡಗೆರೆಯ ಮೇಲೆ ಅವನಿಗೆ ಜಾಗವೇ ಇಲ್ಲ.

ಈಗ ಕೊನೆಯ ಭಾಗದಲ್ಲಿದ್ದೇನೆ. ಇಲ್ಲಿ ಗೋಲಿಗಳನ್ನೂ ಕಿತ್ತುಕೊಂಡಿದ್ದಾರೆ, ಪರಮಾಣುಗಳ ಜಾಗದಲ್ಲಿ ತರಂಗಗಳು ಹರಡಿಕೊಳ್ಳುತ್ತವೆ, ಗುಡ್ಡದ ಒಳಗಿಂದಲೇ ಸುರಂಗ ಕೊರೆದಂತೆ ಸೋರುತ್ತವೆ. ದಿನಕ್ಕೆ ಅರ್ಧ ಪುಟ ಸಾಗಿದರೆ ಹೆಚ್ಚು. ನಿನ್ನೆ ರಾತ್ರಿ ಪುಟ ತಿರುಗಿಸಿದಾಗ ಆ ಹಳೆಯ ಚಿತ್ರ ಎದುರಾಯಿತು. ಎಡಗಡೆ ತಗ್ಗು, ನಡುವೆ ಗುಡ್ಡ, ಬಲಗಡೆ ತಗ್ಗು. ಮುನ್ನೂರು ಪುಟಗಳಲ್ಲಿ ಇದನ್ನು ಚಿಂದಿಮಾಡಿದ ಅದೇ ಪುಸ್ತಕ, ಯಾವ ಸಂಕೋಚವೂ ಇಲ್ಲದೆ, ಅಡ್ಡಗೆರೆಯ ಕೆಳಗೆ ‘ಕ್ರಿಯಾ ನಿರ್ದೇಶಾಂಕ’ ಎಂದು ಬರೆದು ಬಾಣ ಎಳೆದಿತ್ತು. ಏಕಮಾನ ಇರಲಿಲ್ಲ. ಪೆನ್ಸಿಲ್ ಕೈಯಲ್ಲೇ ಇತ್ತು, ಬರೆಯಬೇಕೆನಿಸಲಿಲ್ಲ.